ಡ್ಯಾಮಿನ ಹೊಟ್ಟೆಯಲ್ಲಿ ಹೂಳು, ಬಜಾರಿನ ಬಾಯಲ್ಲಿ ಧೂಳು

ಕಾಲುವೆಗೆ ನೀರು ಬಿಟ್ಟರೆ ಬಜಾರಿಗೆ ಜೀವ ಬರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಕಂಪ್ಲಿ, ಸಿರುಗುಪ್ಪ – ಈ ಕಡೆಯ ಯಾವ ಅಂಗಡಿಯವರನ್ನಾದರೂ ಕೇಳಿ ನೋಡಿ, ಇದೇ ಮಾತು ಹೇಳುತ್ತಾರೆ. ಭತ್ತ ನಾಟಿಯಾದರೆ ಗೊಬ್ಬರದಂಗಡಿಗೆ ಗಿರಾಕಿ. ಕಟಾವಾದರೆ ಅಕ್ಕಿ ಗಿರಣಿಗೆ ಕೆಲಸ, ಹಮಾಲರಿಗೆ ಕೂಲಿ, ಲಾರಿಗೆ ಬಾಡಿಗೆ. ಚೀಲ ತುಂಬಿ ದುಡ್ಡು ಕೈಗೆ ಬಂದ ಮೇಲೆ ಬಟ್ಟೆಯಂಗಡಿಗೆ, ಬಂಗಾರದಂಗಡಿಗೆ, ಕಡೆಗೆ ಮೂಲೆಯ ಚಹಾದಂಗಡಿಗೂ ನಾಲ್ಕು ಕಾಸು. ಕಾಲುವೆ ಬತ್ತಿದರೆ? ಎಲ್ಲರ ಲೆಕ್ಕವೂ ಉದ್ರಿ ಪುಸ್ತಕದಲ್ಲೇ ನಿಲ್ಲುತ್ತದೆ.

ಅದಕ್ಕೇ ಮಳೆಗಾಲ ಬಂತೆಂದರೆ ನಮ್ಮ ಕಡೆಯ ಬಸ್ಸುಗಳಲ್ಲಿ ಒಂದೇ ಪ್ರಶ್ನೆ. “ಡ್ಯಾಮಿಗೆ ಎಷ್ಟು ಬಂತ್ರೀ?” ಎಷ್ಟು ಬಂತು ಎಂಬುದಕ್ಕೆ ಪತ್ರಿಕೆಗಳಲ್ಲಿ ದಿನಾ ಅಂಕಿ ಸಿಗುತ್ತದೆ. ಆದರೆ ಬಂದ ನೀರನ್ನು ಹಿಡಿದಿಡುವ ಪಾತ್ರೆಯ ಸ್ಥಿತಿ ಏನು ಎಂದು ಕೇಳುವವರು ಕಡಿಮೆ. 2024ರ ಆಗಸ್ಟ್‌ನಲ್ಲಿ ಒಂದು ಸರಪಳಿ ತುಂಡಾಗುವ ತನಕ ಆ ಪ್ರಶ್ನೆ ಯಾರಿಗೂ ಬಿಸಿ ಮುಟ್ಟಿಸಿರಲಿಲ್ಲ.

ಟಿ.ಎಂ.ಸಿ. ಅಂದರೆ ಎಷ್ಟ್ರೀ?

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಟಿ.ಎಂ.ಸಿ., ಕ್ಯೂಸೆಕ್ ಎಂಬ ಎರಡು ಶಬ್ದ ಎಲ್ಲರ ಬಾಯಲ್ಲೂ ಇವೆ, ಅಳತೆ ಮಾತ್ರ ಕೆಲವರಿಗಷ್ಟೇ ಗೊತ್ತು.

ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ನಮ್ಮ ಅಳತೆಯಲ್ಲಿ ಸುಮಾರು 28 ಲೀಟರ್, ಅಂದರೆ ಒಂದೆರಡು ಕೊಡ. ಇಂಥ ನೂರು ಕೋಟಿ ಘನ ಅಡಿ ನೀರು ಸೇರಿದರೆ ಒಂದು ಟಿ.ಎಂ.ಸಿ. ಇನ್ನೂ ಸುಲಭವಾಗಿ ಹೇಳುವುದಾದರೆ, ಸುಮಾರು 11,600 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಮಂಡ್ಯದವರ ಕನ್ನಂಬಾಡಿ ಕಟ್ಟೆ ಪೂರ್ತಿ ತುಂಬಿದರೆ 49 ಟಿ.ಎಂ.ಸಿ.ಗೆ ತುಸು ಮೇಲೆ. ನಮ್ಮ ತುಂಗಭದ್ರಾ ಕಟ್ಟಿದಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿ.ಎಂ.ಸಿ. ಎರಡೂವರೆ ಕನ್ನಂಬಾಡಿಗಿಂತ ಹೆಚ್ಚು!

ಈ ಅಳತೆ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಆ ಶನಿವಾರ ರಾತ್ರಿ

2024ರ ಆಗಸ್ಟ್ 10. ಆ ವರ್ಷ ಮಲೆನಾಡಿನಲ್ಲಿ ಮಳೆ ಚೆನ್ನಾಗಿ ಬಿದ್ದು ಜಲಾಶಯ ತುಂಬಿತ್ತು. ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುವುದಕ್ಕೆ ದಿನವೂ ಗೊತ್ತಾಗಿತ್ತು. ರಾತ್ರಿ 11 ಗಂಟೆ ಸುಮಾರಿಗೆ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿಯಿತು. 60 ಅಡಿ ಅಗಲ, 20 ಅಡಿ ಎತ್ತರದ ಕಬ್ಬಿಣದ ಬಾಗಿಲು ನೀರಿನ ರಭಸಕ್ಕೆ ಕಿತ್ತುಕೊಂಡು ಹೋಯಿತು.

ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಗೆ ಧುಮುಕಿತು. ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದೊಂದು ಸೆಕೆಂಡಿಗೂ 12 ಸಾವಿರ ಲೀಟರಿನ 80ಕ್ಕೂ ಹೆಚ್ಚು ಟ್ಯಾಂಕರ್ ಬರಿದಾದಂತೆ. ಒಂದು ದಿನಕ್ಕೆ ಮೂರು ಟಿ.ಎಂ.ಸಿ. ಕಟ್ಟೆಯ ಮೇಲಿನ ಒತ್ತಡ ಒಂದೇ ಕಡೆ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನದಿಗೆ ಹೋಗುವ ನೀರು ಒಂದು ಲಕ್ಷ ಕ್ಯೂಸೆಕ್ ಮುಟ್ಟಿತು. ಕೆಳಗಿನ ನದಿ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು.

ನೀರು ನೋಡಿ ಖುಷಿಪಡಬೇಕಾದ ಜನ ಅಂದು ನೀರು ನೋಡಿ ಕಣ್ಣೀರಿಟ್ಟರು. ಆಗ ತಾನೇ ನಾಟಿ ಮಾಡಿದ ಗದ್ದೆಗಳಿದ್ದವು. ತಂದ ಸಾಲ ತಲೆ ಮೇಲಿತ್ತು. ದುರಸ್ತಿ ಮಾಡಬೇಕಾದರೆ ಗೇಟಿನ ಬುಡದ ತನಕ ಜಲಾಶಯವನ್ನು ಖಾಲಿ ಮಾಡಬೇಕು, 60 ಟಿ.ಎಂ.ಸಿ. ನೀರು ಹೋದರೂ ಹೋದೀತು ಎಂಬ ಮಾತು ಬಂದಾಗ ಅನ್ನದ ತಟ್ಟೆಯನ್ನೇ ಕಸಿದಂತಾಯಿತು.

ಆಗ ಬಂದವರು ಎನ್. ಕನ್ನಯ್ಯ ನಾಯ್ಡು. ಗೇಟಿನ ಕೆಲಸದಲ್ಲೇ ಆಯುಷ್ಯ ಸವೆಸಿದ, 80ರ ಆಸುಪಾಸಿನ ಹಿರಿಯರು. ಪೂರ್ತಿ ಖಾಲಿ ಮಾಡುವುದು ಬೇಡ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸೋಣ ಎಂದರು. ಇಂಥ ಆಪತ್ತಿಗೆಂದು ಮೊದಲೇ ಮಾಡಿಟ್ಟ ಹಲಗೆಗಳು ಕಟ್ಟೆಯಲ್ಲಿ ಇರಲಿಲ್ಲ. ಹೊಸದಾಗಿಯೇ ಆಗಬೇಕಿತ್ತು. ಹೊಸಪೇಟೆ ಸುತ್ತಿನ ವರ್ಕ್‌ಶಾಪುಗಳಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ ಹಗಲು ರಾತ್ರಿ ವೆಲ್ಡಿಂಗ್ ನಡೆಯಿತು. 60 ಅಡಿ ಉದ್ದ, 4 ಅಡಿ ಎತ್ತರದ ಕಬ್ಬಿಣದ ಹಲಗೆಗಳು ಸಿದ್ಧವಾದವು. ಆಗಸ್ಟ್ 16ರಂದು ಮೊದಲನೆಯದು ಕೂತಿತು. 17ರ ಹೊತ್ತಿಗೆ ಎಲ್ಲವೂ ಕೂತು ಕಿಂಡಿ ಮುಚ್ಚಿತು. ಅಷ್ಟರಲ್ಲಿ 30 ಟಿ.ಎಂ.ಸಿ.ಗೂ ಹೆಚ್ಚು ನೀರು ಹೋಗಿತ್ತು, ಆದರೆ 70ರ ಮೇಲೆ ಉಳಿಯಿತು.

ಆ ಹರಿಯುವ ನೀರಿನ ನೆತ್ತಿಯ ಮೇಲೆ ನಿಂತು ದುಡಿದವರು ಕ್ರೇನ್ ಆಪರೇಟರುಗಳು, ವೆಲ್ಡರುಗಳು, ಫಿಟ್ಟರುಗಳು. ಕಾಲು ಜಾರಿದರೆ ಮುಗಿಯಿತು ಎಂಬ ಜಾಗ ಅದು. ಅವರಿಗೆ ನಮ್ಮ ಸೀಮೆ ಋಣಿ. ಮುಂದೆ ದೇವರು ದೊಡ್ಡವನು, ಮಳೆ ಮತ್ತೆ ಬಂತು, ಸೆಪ್ಟೆಂಬರ್‌ನಲ್ಲಿ ಜಲಾಶಯ ಮತ್ತೆ ತುಂಬಿ ಬಾಗಿನವೂ ಆಯಿತು.

ಮಳೆ ಬಾರದೇ ಹೋಗಿದ್ದರೆ? ಆ ಪ್ರಶ್ನೆಯನ್ನು ಬಾಗಿನದ ಸಂಭ್ರಮದಲ್ಲಿ ಎಲ್ಲರೂ ಮರೆತಂತೆ ಕಂಡಿತು.

ಎರಡು ಸರ್ಕಾರ, ಒಂದು ಕಟ್ಟೆ

ಈ ಕಟ್ಟೆಯ ಜಾತಕ ಸ್ವಲ್ಪ ಬೇರೆಯದೇ. ಬಳ್ಳಾರಿ, ರಾಯಚೂರು, ರಾಯಲಸೀಮೆ ಎಂದರೆ ಬ್ರಿಟಿಷರ ಕಾಲದಲ್ಲಿ ಬರಗಾಲಕ್ಕೆ ಹೆಸರಾದ ನಾಡು. 1876ರಿಂದ 78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಹೇಳತೀರದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಯೋಚಿಸಿದ್ದರು. ಆದರೆ ನದಿಯ ಈ ದಂಡೆ ಮದರಾಸು ಸರ್ಕಾರದ್ದು, ಆ ದಂಡೆ ಹೈದರಾಬಾದ್ ನಿಜಾಮರದ್ದು. ಇಬ್ಬರೂ ಒಪ್ಪುವ ಹೊತ್ತಿಗೆ 1944 ಬಂತು. ಹೊಳೆ ಹರಿಯುತ್ತಲೇ ಇತ್ತು, ಕಾಗದವೂ ಓಡಾಡುತ್ತಲೇ ಇತ್ತು. ಹೀಗೆ 84 ವರ್ಷ!

1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಎಡಗಡೆ ಹೈದರಾಬಾದಿನ ಬೇರಾರ್ ರಾಜಕುಮಾರರಿಂದ, ಬಲಗಡೆ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರಿಂದ. ಎಡ ಅರ್ಧ ಅವರು ಕಟ್ಟಿದರು, ಬಲ ಅರ್ಧ ಇವರು ಕಟ್ಟಿದರು. ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಎಬ್ಬಿಸಿದ ಕಟ್ಟೆ, ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ, 33 ಗೇಟು. ಕಟ್ಟುತ್ತಿದ್ದಾಗಲೇ ದೇಶ ಸ್ವತಂತ್ರವಾಯಿತು, ನಿಜಾಮರ ಆಳ್ವಿಕೆ ಮುಗಿಯಿತು. 1953ರಲ್ಲಿ ನೀರು ಹರಿಯುವ ಹೊತ್ತಿಗೆ ಮದರಾಸಿನಿಂದ ಆಂಧ್ರ ಬೇರೆಯಾಗಿ ಬಳ್ಳಾರಿ ಮೈಸೂರಿಗೆ ಸೇರಿತು. ಕಟ್ಟಿಸಿದ ಎರಡು ಸರ್ಕಾರಗಳೂ ಈ ಕಟ್ಟೆಯನ್ನು ಬಿಟ್ಟುಹೋದವು ಅನ್ನಿ.

ಆಗ ಹುಟ್ಟಿದ್ದು ತುಂಗಭದ್ರಾ ಮಂಡಳಿ. ಈಗ ಪಾಲುದಾರರು ಮೂವರು. ನ್ಯಾಯಮಂಡಳಿ ಲೆಕ್ಕದಲ್ಲಿ ವರ್ಷಕ್ಕೆ ಬಳಸಬಹುದಾದ 212 ಟಿ.ಎಂ.ಸಿ.ಯಲ್ಲಿ ಕರ್ನಾಟಕಕ್ಕೆ 138.99, ಉಳಿದದ್ದು ಆಂಧ್ರ ಮತ್ತು ತೆಲಂಗಾಣಕ್ಕೆ. ಜಂಟಿ ಸಂಸಾರದ ಮನೆ ಇದ್ದಂತೆ. ಊಟಕ್ಕೆ ಎಲ್ಲರೂ ಹಾಜರು, ಹಂಚು ಸೋರಿದರೆ “ನೀ ಮಾಡಿಸು, ನಾ ಆಮೇಲೆ ಕೊಡ್ತೀನಿ” ಎಂಬ ಮಾತು.

ಮುಳುಗಿದವರ ಲೆಕ್ಕ

ಕಾಲುವೆ ಕೆಳಗಿನವರ ತಟ್ಟೆಗೆ ಅನ್ನ ಬಂದದ್ದು ಸುಮ್ಮನೆ ಅಲ್ಲ. ಹಿನ್ನೀರಿನಲ್ಲಿ 90 ಹಳ್ಳಿಗಳು ಮುಳುಗಿದವು. 54 ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ, ದೇವರ ಗುಡಿ ಬಿಟ್ಟು ಎದ್ದರು. ನಾರಾಯಣದೇವರಕೆರೆ ಎಂಬ ಊರು ಹೀಗೇ ಮುಳುಗಿತು. ಅಲ್ಲಿಂದ ಎದ್ದು ಬಂದವರು ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ಇಂದು ನಾಟಕಕ್ಕೆ, ಕಲಾವಿದರಿಗೆ ಹೆಸರಾದ ಊರು ಅದು.

ಕಟ್ಟೆಯ ಸೂಚನಾ ಫಲಕದಲ್ಲಿ ನೀರಿನ ಮಟ್ಟ ಬರೆಯುತ್ತಾರೆ, ಇವರ ಹೆಸರು ಬರೆಯುವುದಿಲ್ಲ. ಯಾವುದೋ ಒಂದು ಊರಿನವರು ತಮ್ಮ ಒಲೆ ಆರಿಸಿ ನಮ್ಮ ಒಲೆ ಹಚ್ಚಿದ್ದಾರೆ ಎಂಬುದನ್ನು ಕಾಲುವೆಯ ನೀರು ಕುಡಿಯುವ ನಾವು ಮರೆಯಬಾರದು. ಅಷ್ಟು ಬೆಲೆ ತೆತ್ತು ಪಡೆದ ಪಾತ್ರೆಯಲ್ಲಿ ಮಣ್ಣು ತುಂಬಿಸಿಕೊಂಡು ಕೂತಿದ್ದೇವಲ್ಲ, ನಾಚಿಕೆಯಾಗಬೇಕಾದದ್ದು ಅದಕ್ಕೆ.

ರೂಪಾಯಿಗೆ ಇಪ್ಪತ್ತು ಪೈಸೆ

ಈಗ ಹೂಳಿನ ಮಾತು. 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗಿನ ಅಳತೆಯಲ್ಲಿ ಹಿಡಿಯುವುದು 105.79 ಟಿ.ಎಂ.ಸಿ. ಸುಮಾರು 27 ಟಿ.ಎಂ.ಸಿ. ಜಾಗದಲ್ಲಿ ಮಣ್ಣು ಮಲಗಿದೆ. ರೂಪಾಯಿಗೆ ಇಪ್ಪತ್ತು ಪೈಸೆ ಹೋಯಿತು. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ದಿನಾ ಇಪ್ಪತ್ತು ಪೈಸೆ ಕಾಣೆಯಾದರೆ ಯಾವ ವರ್ತಕ ಸುಮ್ಮನಿರುತ್ತಾನೆ? ಅರ್ಧ ಕನ್ನಂಬಾಡಿಗಿಂತ ಹೆಚ್ಚು ನೀರಿನ ಜಾಗ ಕಾಣೆಯಾಗಿದೆ, ನಾವು ಸುಮ್ಮನಿದ್ದೇವೆ.

ಈ ಮಣ್ಣು ಎಲ್ಲಿಂದ ಬಂತು? ತುಂಗೆ, ಭದ್ರೆ ಹುಟ್ಟುವ ಘಟ್ಟದಿಂದ ಹಿಡಿದು ಹಿನ್ನೀರಿನ ತನಕ ನೀರು ಹರಿದು ಬರುವ ಸೀಮೆಯೆಲ್ಲ ಮಣ್ಣು ಕಳಿಸುತ್ತದೆ. ಕಾಡು ಕಡಿದರೆ, ಗುಡ್ಡ ಅಗೆದರೆ, ಹೊಲಕ್ಕೆ ಬದು ಹಾಕದಿದ್ದರೆ ಮಳೆ ನೀರು ಮೇಲ್ಮಣ್ಣನ್ನು ಹೊತ್ತು ತರುತ್ತದೆ. ಹೊಳೆಯಲ್ಲಿ ಓಡುತ್ತಿರುವ ತನಕ ನೀರಿಗೆ ಮಣ್ಣು ಹೊರುವ ಶಕ್ತಿ. ಜಲಾಶಯಕ್ಕೆ ಬಂದು ನಿಂತ ಕೂಡಲೇ ಹೊರೆ ಇಳಿಸುತ್ತದೆ. ಬಾಗಿಲು ಮೇಲಿದೆ, ಮಣ್ಣು ಕೆಳಗೆ ಕೂರುತ್ತದೆ. ಮತ್ತೆ ಹೊರಗೆ ಹೋಗುವ ದಾರಿ ಎಲ್ಲಿ?

“ಹಾಗಾದರೆ ತೆಗೆದು ಹಾಕ್ರೀ” ಎನ್ನುವುದು ಸುಲಭ. ಲೆಕ್ಕ ಹಾಕಿ ನೋಡೋಣ. 27 ಟಿ.ಎಂ.ಸಿ. ಎಂದರೆ 75 ಕೋಟಿ ಘನ ಮೀಟರಿಗೂ ಮೇಲೆ ಮಣ್ಣು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿದರೆ ಏಳೂವರೆ ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು, ವರ್ಷಪೂರ್ತಿ ಒಂದು ದಿನವೂ ರಜೆ ಇಲ್ಲದೆ ಹೊಡೆದರೂ ಇನ್ನೂರು ವರ್ಷ ಬೇಕು! ಅಷ್ಟು ಮಣ್ಣನ್ನು ಎಲ್ಲಿ ಸುರಿಯುತ್ತೀರಿ? ಡೀಸೆಲ್ ದುಡ್ಡು ಯಾರು ಕೊಡುತ್ತಾರೆ? ಇನ್ನೂರು ವರ್ಷದಲ್ಲಿ ಹೊಸ ಮಣ್ಣು ಬಾರದೆ ಇರುತ್ತದೆಯೇ?

2017ರ ಬೇಸಿಗೆಯಲ್ಲಿ ಜಲಾಶಯ ಬತ್ತಿದಾಗ ರೈತರೇ ಜೆ.ಸಿ.ಬಿ., ಟ್ರ್ಯಾಕ್ಟರ್ ಕಟ್ಟಿಕೊಂಡು ಹೂಳೆತ್ತಲು ಇಳಿದಿದ್ದರು. ಅಷ್ಟರಿಂದ ಡ್ಯಾಮು ಖಾಲಿಯಾಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಸರ್ಕಾರದ ಕಿವಿಯಲ್ಲಿ ತುಂಬಿದ ಹೂಳನ್ನು ತೆಗೆಯುವುದೇ ಅವರ ಉದ್ದೇಶ ಎಂದರೆ ತಪ್ಪಾಗಲಾರದು.

ಹೂಳಿಗೆ ಬದಲು ಎಂದು ಬಂದದ್ದೇ ನವಲಿ ಜಲಾಶಯದ ಯೋಜನೆ. ಮಳೆಗಾಲದಲ್ಲಿ ಗೇಟು ದಾಟಿ ನದಿಗೆ ಹೋಗುವ ನೀರನ್ನು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಕೂಡಿಡಬೇಕು ಎಂಬುದು ಇದರ ಸಾರಾಂಶ. ಬಜೆಟ್ ಭಾಷಣದಲ್ಲಿ ಹೆಸರು ಬಂತು, ವರದಿ ತಯಾರಾಯಿತು. ಆದರೆ ಕೆಳಗಿನ ಎರಡು ರಾಜ್ಯಗಳು ತಲೆಯಾಡಿಸದೆ ಸಲಿಕೆ ಎತ್ತುವಂತಿಲ್ಲ. ಅಲ್ಲಿಯೂ ಮುಳುಗಡೆಯಾಗುವ ಹೊಲಗಳಿವೆ, ಅವುಗಳ ಒಡೆಯರಿದ್ದಾರೆ. 90 ಹಳ್ಳಿಗಳ ಕಥೆ ಗೊತ್ತಿದ್ದವರು ಅವರ ಮಾತನ್ನೂ ಕೇಳಬೇಕು.

ಮೇಲಿನವರು, ಕೊನೆಯವರು

ನೀರು ಕಡಿಮೆಯಾದಾಗ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಲ್ಲಿ ಹೊರಟು ರಾಯಚೂರಿನ ಕಡೆ ಹೋಗುತ್ತದೆ. ಈ ಕಾಲುವೆಯನ್ನು ರೂಪಿಸಿದಾಗ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಹೆಚ್ಚು ಜಾಗ, ಭತ್ತಕ್ಕೆ ಸ್ವಲ್ಪವೇ ಜಾಗ ಎಂದು ಗೊತ್ತು ಮಾಡಿದ್ದರು. ಹೆಚ್ಚು ಹೊಲಕ್ಕೆ ತುಸುತುಸುವೇ ನೀರು ಮುಟ್ಟಲಿ, ಬರ ತಪ್ಪಲಿ ಎಂಬುದು ಆಗಿನವರ ಲೆಕ್ಕ.

ನಡೆದದ್ದೇ ಬೇರೆ. ಕರಾವಳಿ ಆಂಧ್ರದಿಂದ ಭತ್ತ ಬೆಳೆದು ಪಳಗಿದ ಜನ ಬಂದು ಜಮೀನು ಕೊಂಡು ಕ್ಯಾಂಪುಗಳನ್ನು ಮಾಡಿಕೊಂಡರು. ಅವರ ದುಡಿಮೆ ನೋಡಿ ನಮ್ಮವರೂ ಭತ್ತಕ್ಕೆ ಇಳಿದರು. ಗಂಗಾವತಿ ಭತ್ತದ ಕಣಜವಾಯಿತು, ಸೋನಾ ಮಸೂರಿ ಊರೂರಿಗೆ ಹೋಯಿತು. ಇದರಿಂದ ಬಜಾರು ಬೆಳೆಯಿತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕಾಲುವೆಯ ತಲೆಯಲ್ಲಿ ಭತ್ತದ ಗದ್ದೆ ನೀರು ಹೀರಿದರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತನಿಗೆ ಉಳಿಯುವುದು ಒಣ ತೂಬು. ತಲೆಯಲ್ಲಿ ನೀರು ಹೆಚ್ಚಾಗಿ ಭೂಮಿ ಸವುಳಾಯಿತು, ಕೊನೆಯಲ್ಲಿ ನೀರಿಲ್ಲದೆ ಭೂಮಿ ಬಿರುಕು ಬಿಟ್ಟಿತು. ಕಾಲುವೆ ದಂಡೆಗೆ ಪೊಲೀಸ್ ಕಾವಲು ಹಾಕಿ ನೀರು ಇಳಿಸಿದ ವರ್ಷಗಳೂ ಉಂಟು. ರಾಯಚೂರು ನಗರಕ್ಕೆ ಕುಡಿಯುವ ನೀರು ಬರುವುದೂ ಇದೇ ಕಾಲುವೆಯಿಂದ ಎಂಬುದನ್ನು ನೆನಪಿಡಿ.

ಬಸ್ಸಿನಲ್ಲಿ ಮೊದಲ ಸ್ಟಾಪಿನವರು ಸೀಟಿಗೆಲ್ಲ ಟವಲು ಹಾಸಿದರೆ ಕೊನೆ ಸ್ಟಾಪಿನವರು ಜೋತಾಡಬೇಕು, ಅಷ್ಟೇ. ಟಿಕೆಟ್ಟಿನ ಹಣ ಮಾತ್ರ ಇಬ್ಬರದ್ದೂ ಒಂದೇ.

ರಾಯರ ಕಾಲದ ಪಾಠ

ಇದೇ ನದಿಗೆ ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ ಈಗ ಜಲಾಶಯದಿಂದಲೇ ನೀರು ಪಡೆಯುತ್ತವೆ. ತುರ್ತು ಕಾಲುವೆ ಹಂಪಿಯ ಬಂಡೆಗಳ ನಡುವೆ ಸಾಗಿ ಬಾಳೆ ತೋಟಕ್ಕೆ, ಗದ್ದೆಗೆ ನೀರುಣಿಸುತ್ತದೆ. ಅರಮನೆ ಬಿದ್ದಿತು, ಬಜಾರು ಹಾಳಾಯಿತು, ಕಾಲುವೆ ಉಳಿಯಿತು. ಯಾಕೆ?

ಕಲ್ಲು ಗಟ್ಟಿಯಿತ್ತು ಎಂಬುದು ಅರ್ಧ ಉತ್ತರ. ಸಾಮ್ರಾಜ್ಯ ಹೋದರೂ ಕಾಲುವೆಯ ನೀರು ಉಂಡವರು ಅದನ್ನು ಬಿಡಲಿಲ್ಲ ಎಂಬುದು ಉಳಿದರ್ಧ. ನೀರಗಂಟಿ ತೂಬು ನೋಡಿಕೊಂಡ, ಊರವರು ಹೂಳು ಎತ್ತಿದರು, ಒಡೆದಲ್ಲಿ ಕಟ್ಟಿದರು. ಕೃಷ್ಣದೇವರಾಯರ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೆರೆ ಕಟ್ಟುವ ಕೆಲಸಕ್ಕೆ ಸಾವಿರಾರು ಜನ ಸೇರಿದ್ದನ್ನೂ ಆ ಕಟ್ಟೆ ಮತ್ತೆ ಮತ್ತೆ ಒಡೆದದ್ದನ್ನೂ ಬರೆದಿಟ್ಟಿದ್ದಾನೆ. ಅರಸರ ಕೆಲಸವೂ ಒಂದೇ ಸಲಕ್ಕೆ ನಿಲ್ಲಲಿಲ್ಲ. ಒಡೆದದ್ದನ್ನು ಬಿಡದೆ ಕಟ್ಟಿದ್ದರಿಂದ ನಿಂತಿತು.

ಇನ್ನು ಮುಂದೆ?

19ನೇ ಗೇಟು ಹೋದ ಮೇಲೆ ತಜ್ಞರ ಸಮಿತಿ ಬಂತು, 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. 70 ವರ್ಷ ನೀರಿನಲ್ಲಿ ನಿಂತ ಕಬ್ಬಿಣ ಅಲ್ಲವೇ! 2025ರ ಮಳೆಗಾಲದಲ್ಲಿ ಇನ್ನೂ ಏಳು ಗೇಟು ನೆಟ್ಟಗಿಲ್ಲ ಎಂಬ ಸುದ್ದಿ ಬಂತು. ಭಯಕ್ಕೆ ಆ ವರ್ಷ ಸಂಗ್ರಹವನ್ನೇ 80 ಟಿ.ಎಂ.ಸಿ.ಗೆ ಮಿತಿಗೊಳಿಸಿದರು. ನೀರು ಬಂದರೂ ಹಿಡಿಯಲಾಗದ ಸ್ಥಿತಿ. ಗೇಟು ಬದಲಿಸುವ ಕೆಲಸಕ್ಕಾಗಿ 2025–26ರ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಆಯಿತು.

ಎರಡನೇ ಬೆಳೆ ಇಲ್ಲ ಎಂದರೆ ಏನರ್ಥ? ರೈತನಿಗೆ ಅರ್ಧ ವರ್ಷದ ಆದಾಯ ಇಲ್ಲ. ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ. ಗಿರಣಿ ಬೆಲ್ಟು ತಿರುಗುವುದಿಲ್ಲ. ಬೀಜ ಗೊಬ್ಬರದ ಅಂಗಡಿಯವರು ಹಿಂದಿನ ಉದ್ರಿ ಕೇಳುವಂತಿಲ್ಲ, ಹೊಸ ಮಾಲು ತರುವಂತಿಲ್ಲ. ಹುಷಾರಿಲ್ಲದ ದೇಹಕ್ಕೆ ಆಪರೇಶನ್ ಮಾಡಿಸಲೇಬೇಕು, ಒಪ್ಪಿದೆವು. ಗೇಟು ಬದಲಾಗಲೇಬೇಕು. ಆದರೆ ವರ್ಷ ವರ್ಷ ಔಷಧ ಕೊಟ್ಟಿದ್ದರೆ ಆಪರೇಶನ್ನಿಗೆ ಇಷ್ಟು ದೊಡ್ಡ ಬಿಲ್ಲು ಬರುತ್ತಿತ್ತೇ ಎಂದು ಕೇಳುವ ಹಕ್ಕು ಬಿಲ್ಲು ಕಟ್ಟುವವರಿಗೆ ಇದೆ.

ಆದ್ದರಿಂದ ನಾಲ್ಕು ಮಾತು. ಒಂದು, ಎರಡನೇ ಬೆಳೆ ತಪ್ಪಿದವರಿಗೆ ಪರಿಹಾರದ ಮಾತು ಬರೀ ಭಾಷಣದಲ್ಲಿ ಉಳಿಯಬಾರದು. ಕೂಲಿಯವರನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ಎರಡು, ಗೇಟು ಹೊಸದಾದ ಮೇಲೆ ಪ್ರತಿ ಬೇಸಿಗೆಯೂ ಸರಪಳಿ, ರೋಲರು, ಹಗ್ಗ ಪರೀಕ್ಷೆ ಮಾಡಿ ವರದಿಯನ್ನು ಜನರ ಮುಂದಿಡಬೇಕು. ಆಪತ್ತಿನ ಹಲಗೆಗಳು ಕಟ್ಟೆಯ ಮೇಲೇ ಸಿದ್ಧವಿರಬೇಕು. ಮೂರು, ಬಿದ್ದ ಹೂಳನ್ನು ಎತ್ತಲಾಗದಿದ್ದರೂ ಬೀಳುವ ಹೂಳನ್ನು ತಡೆಯಬಹುದು. ಮೇಲಿನ ಸೀಮೆಯಲ್ಲಿ ಬದು, ಚೆಕ್ ಡ್ಯಾಂ, ಗಿಡ ಮರ ಇವಕ್ಕೆ ಖರ್ಚು ಮಾಡಲಿ. ನಾಲ್ಕು, ಕಾಲುವೆಯ ಕೊನೆಯ ತೂಬಿಗೆ ನೀರು ಮುಟ್ಟಿದ ದಿನವೇ ನೀರು ಬಿಟ್ಟ ದಿನ ಎಂದು ಲೆಕ್ಕ ಹಿಡಿಯಲಿ. ಮುನಿರಾಬಾದಿನಲ್ಲಿ ಬಟನ್ ಒತ್ತಿ ಫೋಟೋ ತೆಗೆಸಿಕೊಂಡ ದಿನವಲ್ಲ.

ನೀರಿಗೆ ಪಕ್ಷ ಇಲ್ಲ, ರಾಜ್ಯ ಇಲ್ಲ. ಕಿಂಡಿ ಸಿಕ್ಕಲ್ಲಿ ಅದು ಹೋಗುತ್ತದೆ. ಕಿಂಡಿ ಕಾಯುವುದು ಮನುಷ್ಯರ ಕೆಲಸ. ಮೂರು ರಾಜ್ಯದ ಸಂಬಂಧಪಟ್ಟವರು ಮುಂದಿನ ಮಳೆ ಬರುವ ಮುನ್ನ ಇತ್ತ ಗಮನ ಹರಿಸುವರೇ? ಅಥವಾ ಇನ್ನೊಂದು ಸರಪಳಿಯ ಸದ್ದಿಗೆ ಕಾಯುವರೇ?